ಲಿಫ್ಟ್ ಕೆಟ್ಟಿದ್ದ ದಿನ

ಅಪ್ಪಾ,

ನಿಮ್ಮ ಮೇಲೆ ಕಳ್ಳತನ ಹೊರಿಸಿ ಸಾಕ್ಷಿ ಹೇಳಿದ ಮ್ಯಾನೇಜರ್‌ಗೆ ಇಂದು ಸುಳ್ಳುಸಾಕ್ಷಿಗಾಗಿ ಮೂರು ತಿಂಗಳ ಜೈಲಾಯಿತು. "ಇವನೇ ನನ್ನನ್ನ ಲಿಫ್ಟಲ್ಲಿ ಮೇಲೆ ಕರ್ಕೊಂಡು ಹೋದ, ಕೈಯಲ್ಲಿ ಬೀರು ಕೀ ಇತ್ತು" ಎಂದು ಪ್ರಮಾಣ ಮಾಡಿ ಹೇಳಿದ್ದನಲ್ಲ? ಅಂದು ಲಿಫ್ಟ್ ಕೆಟ್ಟಿತ್ತೆಂದು ನೀವು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹನ್ನೊಂದು ವರ್ಷದ ಮೇಲೆ ರಿಪೇರಿ ಪುಸ್ತಕವನ್ನು ಹುಡುಕಿ ತೆಗೆದೆ. ಆ ದಿನದ ಪುಟದಲ್ಲಿ ಅವನದೇ ಸಹಿಯಿತ್ತು.

"ವಯಸ್ಸಾಗಿದೆ ಸ್ವಾಮಿ, ಕ್ಷಮೆ ಕೇಳ್ತಿದ್ದಾರೆ, ದಂಡ ಹಾಕಿ ಬಿಟ್ಬಿಡಿ" ಎಂದರು ಅವನ ವಕೀಲರು.

"ಯಾರ ಹತ್ರ ಕೇಳ್ತಾರೆ? ಆ ಮನುಷ್ಯ ಬದುಕಿಲ್ವಲ್ಲ" ಎಂದರು ನ್ಯಾಯಾಧೀಶರು.

ಹೊರಬರುತ್ತ ಬಾಗಿಲಲ್ಲಿದ್ದ ಜವಾನನಿಗೆ, "ಆ ಲಿಫ್ಟ್‌ಮ್ಯಾನ್ ಮಗಳು ನಾನೇ" ಎಂದೆ.

"ಗೊತ್ತಮ್ಮಾ, ಇದು ಮೂರನೇ ಸಲ ಹೇಳ್ತಿದೀರಿ" ಎಂದು ನಕ್ಕ.

ಸುದ್ದಿಯನ್ನು ಮೊದಲು ಅಮ್ಮನಿಗೆ ತಿಳಿಸಿದೆ. ಅವನು ಸಾಕ್ಷಿ ಹೇಳಿದ ದಿನ ಸಂಜೆ ಕೋರ್ಟಿನಿಂದ ಬಂದ ನಿಮ್ಮನ್ನು "ನಿಜ ಹೇಳಿಬಿಡಿ" ಎಂದು ಕೇಳದೆ ಇದ್ದವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ.