ಹನ್ನೊಂದು ವರ್ಷ ಖಾಲಿ ಇದ್ದ ಪೊಟರೆ

ಜುಕಿಯ ಕಾಡು, ಲಿಥುವೇನಿಯ
ಆಗಸ್ಟ್ 28, 1932

ಹೊಳೆಯಾಚೆಯ ನನ್ನ ಮೋರ್ತಾಗೆ,

ಕೈಬರಹ ನೋಡಿ ಕಾಗದವನ್ನು ಒಲೆಗೆ ಹಾಕಬೇಡ, ಪೂರ್ತಿ ಓದು. ಗೆದ್ದೆ ಕಣೇ! ನಮ್ಮಪ್ಪ ಪೈನ್ ಮರದಲ್ಲಿ ಕೊರೆದ ಪೊಟರೆಗೆ ಹನ್ನೊಂದು ವರ್ಷದ ಮೇಲೆ ಜೇನು ಬಂದಿದೆ. ನಿನ್ನೆ ನಾನೇ ಹತ್ತಿ ತುಪ್ಪ ಇಳಿಸಿದೆ, ಈ ಅರವತ್ತೊಂದರ ವಯಸ್ಸಿನಲ್ಲಿ!

ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಾಗ ಕಮ್ಮಾರ ಬಾಲ್ಟ್ರುಸ್ ಬಂದ. "ಏನ್ ತೆಕ್ಲಕ್ಕಾ, ಮೊಣಕಾಲು ಹಿಡ್ಕೊಂಡು ಓಡಾಡೋರು ಮರ ಹತ್ತೋದಾ? ಕೆಳಗೆ ಹುಲ್ಲು ಹಾಸ್ಲಾ?" ಅಂದ. "ಹಾಸಪ್ಪಾ, ಜೇನು ಕಚ್ಚಿದ್ಮೇಲೆ ನೀನೇ ಹೊರಳಾಡ್ತೀಯ" ಅಂದೆ. ಹಾಗೇ ಆಯಿತು. ನಾನು ಮೇಲಿಂದ ಹೊಗೆ ಹಾಕುವಾಗ ಅವನ ಮೂಗಿಗೇ ಕಚ್ಚಿತು. ಪಾಪ, ಹೊರಳಾಡಲು ಹುಲ್ಲಿರಲಿಲ್ಲ.

ಮೇಲೆ ಪೊಟರೆಯ ಬಾಯಿ ಮುಚ್ಚಿದ್ದ ಹಲಗೆ ತೆಗೆದರೆ ಒಳಗೆಲ್ಲ ಹೊಂಬಣ್ಣದ ಹುಟ್ಟುಗಳು! ಕೂತಲ್ಲೇ ಅತ್ತೆ. ಚಳಿಗಾಲಕ್ಕೆ ಅವುಗಳ ಪಾಲು ಬಿಟ್ಟು ಎರಡು ಗಡಿಗೆ ತುಂಬಿಸಿದೆ.

ಈ ಹಿಂಡು ಎಲ್ಲಿಂದ ಬಂತೆಂದು ನಿನಗೂ ಗೊತ್ತು. ಜೂನ್‌ನಲ್ಲಿ ನಿನ್ನ ಹಿತ್ತಲಿನ ದಿಮ್ಮಿಗೂಡಿನಿಂದ ಎದ್ದು ಹೊಳೆ ದಾಟಿತು. ಸದ್ದಿಗೆ ಹಿಂಡು ಕೆಳಗಿಳಿಯಲೆಂದು ತಟ್ಟೆ ಬಡಿಯುತ್ತ ಹಿಂದೆ ಓಡಿಬಂದವಳು ನೀನು. ಅದು ನನ್ನ ಮರ ಹೊಕ್ಕಿದ್ದು ಕಂಡದ್ದೇ ತಿರುಗಿ ಹೋದೆ. ಜೇನುಹಿಂಡನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಒಬ್ಬರ ಹಿಂಡು ಇನ್ನೊಬ್ಬರ ಮರಕ್ಕೆ ಬಂದರೆ ಇಬ್ಬರೂ ಜೇನುನೆಂಟರು, ಜಗಳ ಆಡುವಂತಿಲ್ಲ. ನಮ್ಮ ಅಜ್ಜಿಯರ ಕಾಲದ ಕಟ್ಟಳೆ ಇದು. ಹಿಂದೆ ನನ್ನ ಮದುವೆಗೆ ನೀನೇ ಒಂದು ಹಿಂಡು ಕೊಟ್ಟು ನೆಂಟಳಾಗಿದ್ದೆ. ಹನ್ನೊಂದು ವರ್ಷದ ಹಿಂದೆ ಈ ಪೊಟರೆ ಖಾಲಿಯಾದಾಗ, ಅದನ್ನು ನಾನು ಪೇಟೆಯವನಿಗೆ ಮಾರಿದೆ ಎಂದು ನೀನು ಚರ್ಚಿನ ಬಾಗಿಲಲ್ಲಿ ಕೂಗಾಡಿದೆ. ಇಲ್ಲ, ಹಾರಿಹೋಯಿತು ಎಂದು ನಾನೂ ಕೂಗಿದೆ. ಅಂದಿನಿಂದ ಮಾತಿಲ್ಲ. ಖಾಲಿ ಪೊಟರೆ ನೋಡಿ ಊರವರು, "ಅವಳ ಹತ್ರ ಜೇನು ನಿಲ್ಲಲ್ಲ ಬಿಡಿ" ಅನ್ನುತ್ತಿದ್ದರು. ಈಗ ನಿಂತಿದೆ. ಎಲ್ಲರ ಬಾಯಿಯೂ ಮುಚ್ಚಿದೆ.

ಒಂದು ಗಡಿಗೆ ನಿನ್ನದು. ಮುಂದಿನ ಭಾನುವಾರ ಬಾ. ರೈ ರೊಟ್ಟಿ ಸುಡುತ್ತೇನೆ, ಎಳೆ ಸೌತೆಕಾಯಿ ಸೀಳಿ ಹೊಸ ತುಪ್ಪದಲ್ಲಿ ಅದ್ದಿ ತಿನ್ನೋಣ. ನೀನಿಲ್ಲದೆ ನನಗೆ ರುಚಿಸುವುದಿಲ್ಲ ಕಣೇ.

ಮತ್ತೆ ನಿನ್ನ ನೆಂಟಳಾದ,
ತೆಕ್ಲೆ

ಒಂದು ಮಾತು ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ನೀನು ಮದುವೆಗೆ ಕೊಟ್ಟ ಆ ಹಿಂಡು ಹಾರಿಹೋಗಿರಲಿಲ್ಲ. ಮಾರಿದ್ದೆ. ನೀನು ಕೂಗಿದ್ದೆಲ್ಲ ನಿಜ. ನಿನ್ನೆ ಮರದ ಮೇಲೆ ಮೊದಲು ಜೇನುಗಳಿಗೇ ಇದನ್ನು ಹೇಳಿದೆ. ನನ್ನನ್ನು ಒಂದೂ ಕಚ್ಚಲಿಲ್ಲ. ನೀನು ಬೇಕಾದರೆ ಕಚ್ಚು, ಆದರೆ ಬಾ.