ಭಾನುವಿಗೆ ಕೊಡದ ಬಾಗಿನ

ವೆಸ್ಟ್‌ಮಂಟ್
ಆಗಸ್ಟ್ 31, 2025

ನನ್ನ ಭಾನು ಕಂದಾ,

ನೀನು ಫೋನ್ ತೆಗೆಯುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಅಕ್ಷರ ನನ್ನದು, ಅಪ್ಪ ನಿನಗೆ ಕಲಿಸಿದ ಕನ್ನಡದಲ್ಲಿ ನಿಧಾನವಾಗಿ ಓದಿಕೋ. ಮಂಗಳವಾರ ಇಲ್ಲಿಂದ ಹೊರಟವಳು ಸ್ಕೋಕಿಯ ನಿನ್ನ ಮನೆಗೆ ಸರಿಯಾಗಿ ತಲುಪಿದೆಯಾ? ಅಳುತ್ತಾ ಹೈವೇಯಲ್ಲಿ ಡ್ರೈವ್ ಮಾಡಿದೆಯೋ ಏನೋ, ಊಟ ಮಾಡಿದೆಯೋ ಇಲ್ಲವೋ, ನನಗೆ ಇದೇ ಯೋಚನೆ.

ಗೌರಿ ಹಬ್ಬದ ಬಾಗಿನಕ್ಕೆಂದು ನೀನು ಲ್ಯಾಬಿನಿಂದ ನೇರವಾಗಿ ಬಂದೆ. ಏನು ಕೆಲಸ ಎಂದು ಪಕ್ಕದ ಮನೆಯ ನವ್ಯಶ್ರೀ ಕೇಳಿದರು. ತೀರಿಕೊಂಡವರು ದಾನ ಕೊಟ್ಟ ಮೆದುಳಿನ ಚೂರನ್ನ ಐಸ್ ಮೇಲಿಟ್ಟು ಗಾಜಿನ ಕೊಳವೇಲಿ ಮೆಲ್ಲಗೆ ಅರೀತೀವಿ ಆಂಟಿ, ಫ್ರೀಜ್ ಮಾಡಿದ್ರೆ ಜೀವಕೋಶ ಒಡೆದುಹೋದ್ರೂ ಒಳಗಿನ ನ್ಯೂಕ್ಲಿಯಸ್ ಉಳಿದಿರುತ್ತೆ, ಅದನ್ನ ಬೇರೆ ಮಾಡಿ ಸೀಕ್ವೆನ್ಸ್ ಮಾಡಿದ್ರೆ, ಅಂದ್ರೆ ಅದರೊಳಗಿನ ಜೀನ್ ಓದಿದ್ರೆ, ಯಾವ ಕೋಶಕ್ಕೆ ಏನಾಗಿತ್ತು ಅಂತ ಗೊತ್ತಾಗುತ್ತೆ ಅಂದೆ. ಎಷ್ಟು ಖುಷಿಯಾಗಿ ಹೇಳಿದೆ! ನಿಮ್ಮಮ್ಮನ ಮಿಕ್ಸಿ ತಗೊಂಡ್ಹೋಗೇ, ಬೇಗ ಮುಗಿಯುತ್ತೆ ಎಂದು ಅಪ್ಪ ರೇಗಿಸಿದರು. ಎಲ್ಲರೂ ನಕ್ಕರು. ನಾನು ಮಾತ್ರ ಬಾಗಿನದ ಮೊರ ಹಿಂದಕ್ಕೆಳೆದುಕೊಂಡು, ಹೆಣ ಮುಟ್ಟಿದ ಕೈಯಲ್ಲಿ ಇದನ್ನ ಮುಟ್ಟಬೇಡ, ಹೋಗಿ ಸ್ನಾನ ಮಾಡು ಅಂದೆ. ಗ್ಲವ್ಸ್ ಹಾಕ್ಕೊಂಡೇ ಮಾಡೋದಮ್ಮ ಎಂದು ನೀನು ಎರಡೂ ಕೈ ಚಾಚಿ ತೋರಿಸಿದೆ, ಅಷ್ಟು ಜನರೆದುರು, ಮಗುವಿನ ಹಾಗೆ. ನಾನು ಮುಖ ತಿರುಗಿಸಿಕೊಂಡೆ. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ನೀನು ಹೋದ ಮೇಲೆ ನವ್ಯಶ್ರೀಗೆ, ಅವಳು ತಮಾಷೆಗೆ ಹೇಳಿದ್ದು, ಅವಳದು ಕಂಪ್ಯೂಟರ್ ಕೆಲಸ ಎಂದು ಸುಳ್ಳು ಬೇರೆ ಹೇಳಿದೆ. ಸುವರ್ಣಮ್ಮನೋರೇ, ನಿಮ್ಮ ಮಂಡಿ ಆಪರೇಷನ್ ಮಾಡಿದ ಡಾಕ್ಟ್ರೂ ಹೆಣ ಕುಯ್ದೇ ಕಲ್ತಿರೋದು, ಅವರಿಗೆ ಕೈ ಮುಗಿದ್ರಿ, ಮಗಳ ಕೈ ಆಗ್ಲಿಲ್ವಾ ಎಂದುಬಿಟ್ಟರು ಆಕೆ. ಈಗ ಅವರ ಕಾರು ಬಂದರೂ ಕಿಟಕಿಯಿಂದ ಸರಿದು ನಿಲ್ಲುತ್ತೇನೆ.

ಒಂದು ಸಲ ಬಾ ಮಗಳೇ. ಲ್ಯಾಬಿನಿಂದ ನೇರವಾಗಿಯೇ ಬಾ. ಬೈಯಬೇಕೆನಿಸಿದರೆ ಇಂಗ್ಲಿಷಿನಲ್ಲೇ ಬೈದುಬಿಡು, ಅಷ್ಟು ನನಗೆ ಅರ್ಥವಾಗುತ್ತದೆ.

ನಿನ್ನ ಮುಖ ನೋಡಲು ನಾಚುತ್ತಿರುವ
ಅಮ್ಮ

ವಿ.ಸೂ.: ಮಡಿ ಅಂದದ್ದು ನೆಪ ಕಣೇ. ಹಬ್ಬದ ಹಿಂದಿನ ದಿನವೇ ಡಾಕ್ಟರು ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿದೆ ಅಂದಿದ್ದರು. ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ, ನಾನು ಹೋದ್ಮೇಲೆ ನನ್ನ ಮೆದುಳು ಭಾನು ಲ್ಯಾಬಿಗೆ ಕೊಟ್ಬಿಡೇ ಎಂದರು. ನೀನು ಕೈ ಚಾಚಿದಾಗ ಆ ಕೈಯಲ್ಲಿ ನನಗೆ ಅಪ್ಪನ ಮೆದುಳೇ ಕಂಡಿತು. ನಿನಗೆ ಹೇಳಕೂಡದೆಂದು ಅವರಿಂದ ಆಣೆ ಹಾಕಿಸಿಕೊಂಡವಳೂ ನಾನೇ. ನೀನು ಬಾ, ಅವರ ಬಾಯಿಂದಲೇ ಕೇಳು. ನಾನು ಎದ್ದುಹೋಗದೆ ಪಕ್ಕದಲ್ಲಿ ಕೂತಿರುತ್ತೇನೆ.