ಇನ್ನೊಂದು ಕ್ಲಾಂಪು

ಮಾರ್ಚ್ 3, ಬೆಳಗ್ಗೆ

ಕಾರು ಮತ್ತೆ ಸಿಗ್ನಲ್ಲಿನಲ್ಲೇ ನಿಂತಿತು. ಕ್ರಮ ಎಂದಿನದೇ — ಪೆಟ್ರೋಲಿನಲ್ಲಿ ಸ್ಟಾರ್ಟ್, ಪೆಟ್ರೋಲು-ಗ್ಯಾಸಿನ ಸ್ವಿಚ್ಚು ನಡುವಿಗೆ, ಇದ್ದಷ್ಟು ಪೆಟ್ರೋಲು ಸುಟ್ಟು ಎಂಜಿನ್ ಏದುಸಿರು ಬಿಟ್ಟೊಡನೆ ಗ್ಯಾಸಿಗೆ. ಹತ್ತು ನಿಮಿಷ ಬಂಗಾರದಂಥ ಓಟ. ಆಮೇಲೆ ಎಲ್ಲಿ ಬ್ರೇಕ್ ಒತ್ತಿದರೆ ಅಲ್ಲೇ ಉಸಿರು ಕಟ್ಟುತ್ತದೆ. ಹಿಂದಿನವನು ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಪಕ್ಕದಲ್ಲಿದ್ದ ಇವರು ಮಾತ್ರ ತಲೆ ಓರೆ ಮಾಡಿ ಕೇಳುತ್ತಿದ್ದರು, ಸಂಗೀತ ಕೇಳುವವರ ಹಾಗೆ.

"ನಿಲ್ಲೋಕೆ ಮುಂಚೆ ಒಂದ್ಸಲ..."

"ಕೆಮ್ಮಿತು," ಎಂದೆ.

"ಹ್ಞೂಂ. ಕೆಮ್ಮಿತು."

ಇವರ ಮಾತು ಈಚೆಗೆ ನಿಧಾನ. ಉಳಿದರ್ಧ ನಾನೇ ಹೇಳಿಬಿಡುತ್ತೇನೆ. ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ.

ಮಾರ್ಚ್ 4

ಇವರು ಡ್ರೈವ್ ಮಾಡಬಾರದು ಎಂದು ಡಾಕ್ಟರು ಹೇಳಿ ವರ್ಷವಾಗುತ್ತಾ ಬಂತು. ಕೈ ನಡುಗುತ್ತದೆ, ಬಲಗೈ ಜಾಸ್ತಿ. "ಆದ್ರೆ ಕೈಗೆ ಕೆಲಸ ತಪ್ಪಿಸಬೇಡಿ" ಎಂದೂ ಹೇಳಿದ್ದರು. ಅಲ್ಲಿಂದ ನಮ್ಮ ಮನೆಯ ಕಾನೂನು: ಓಡಿಸುವುದು ನಾನು, ರಿಪೇರಿ ಇವರು. ಕೆಲಸದಲ್ಲಿದ್ದಷ್ಟು ಕಾಲ ಪಂಪ್‌ಹೌಸಿನಲ್ಲಿ ನೀರೆತ್ತುವ ಮೋಟಾರುಗಳ ಜೊತೆ ಇದ್ದವರು. ಈ ಹಳೇ ನೀಲಿ ಕಾರಿಗೆ ಗ್ಯಾಸ್ ಕಿಟ್ ಹಾಕಿಸಿದವರೂ ಇವರೇ. ಪೆಟ್ರೋಲಿನಲ್ಲೇ ಓಡಿಸಬಾರದೇ ಎಂದರೆ — ಪೆಟ್ರೋಲು ಪಂಪು ಮುದಿಯಾಗಿದೆ, ಸ್ಟಾರ್ಟ್ ಆಗುವಷ್ಟು ಮಾತ್ರ ಕೊಡುತ್ತದೆ.

ಇವತ್ತು ಗ್ಯಾಸ್ ಫಿಲ್ಟರ್ ಬಿಚ್ಚಿ, ಒರೆಸಿ, ಮತ್ತೆ ಹಾಕಿದರು. ಅಷ್ಟೇ. ಹಾಗೇ ಗ್ಯಾಸಿನ ಪ್ರಮಾಣ ಹೊಂದಿಸುವ ಟ್ಯೂನಿಂಗ್ ಸ್ಕ್ರೂ ಕೂಡ ನೋಡಿಬಿಡಿ ಎಂದೆ. ಒಪ್ಪಲಿಲ್ಲ.

"ಒಂದ್ಸಲಕ್ಕೆ ಒಂದೇ. ಎರಡು ಕಡೆ ಕೈ ಹಾಕಿದ್ರೆ ಸರಿಹೋಗಿದ್ದು ಯಾವುದರಿಂದ ಅಂತ..."

"ಗೊತ್ತಾಗಲ್ಲ."

"ಗೊತ್ತಾಗಲ್ಲ."

ಓಡಿಸಿ ನೋಡಿದೆ. ನಿಂತಿತು. ಇವರಿಗೆ ಬೇಸರವಿಲ್ಲ. "ಸರಿ, ಫಿಲ್ಟರ್ ಅಲ್ಲ" ಎಂದರು, ಏನೋ ಸಂಪಾದನೆ ಆದವರ ಹಾಗೆ.

ಮಾರ್ಚ್ 6

ಎಂಜಿನ್ ಪಕ್ಕದಲ್ಲಿ ಅಂಗೈಯಗಲದ ಲೋಹದ ಡಬ್ಬಿ. ದ್ರವವಾಗಿ ಬರುವ ಗ್ಯಾಸು ಅದರೊಳಗೆ ಆವಿಯಾಗುತ್ತದೆ. ಅದಕ್ಕೆ ಬೇಕಾದ ಶಾಖ ರೇಡಿಯೇಟರಿನ ಬಿಸಿನೀರಿನಿಂದ. ಮೆಕ್ಯಾನಿಕ್‌ಗಳು ವೇಪರೈಸರ್ ಎನ್ನುತ್ತಾರೆ. ಇವರ ಬಾಯಲ್ಲಿ 'ಹಂಡೆ'.

ಇವತ್ತು ಹಂಡೆಯ ತಳದ ಬೋಲ್ಟು ತೆಗೆದು ಎಣ್ಣೆಗಸಿ ಇಳಿಸಿದರು. ನಾಲ್ಕು ಚಮಚ ಕಪ್ಪು ದ್ರವ, ಹೆಸರಿಡಲಾಗದ ನಾತ. ಅದೇ ಹೊತ್ತಿಗೆ ನಾದಿನಿ ಬಂದಳು — ಇವರ ತಂಗಿ, ಎರಡು ಬೀದಿ ಆಚೆ ಮನೆ. ಸೆರಗು ಮೂಗಿಗೆ ಹಿಡಿದು ಗೇಟಿನಲ್ಲೇ ನಿಂತಳು.

"ಏನತ್ತಿಗೆ, ಯಾರಿಗೆ ಹೊಟ್ಟೆ ಕೆಟ್ಟಿರೋದು?"

"ನಿನ್ನ ನೀಲಿ ಅತ್ತಿಗೆಗೆ," ಎಂದರು ಇವರು, ನೆಲದಲ್ಲಿ ಮಲಗಿದ್ದಲ್ಲಿಂದಲೇ. ತಡವರಿಸದೆ! ಚಾಪೆಯ ಮೇಲೆ ಕಾರಿನಡಿ ಮಲಗಿದಾಗ ಇವರ ನಾಲಿಗೆ ಸ್ವಲ್ಪ ಸಡಿಲವಾಗುತ್ತದೆ. ಗಮನಿಸಿದ್ದೇನೆ. ಬರೆದಿರಲಿಲ್ಲ.

ಕಾರು ಮಾತ್ರ ನಿಂತಿತು.

ಮಾರ್ಚ್ 9

ಬೆಳಗ್ಗೆ ಓಡಿಸಿ ತಂದು, ನಿಂತ ತಕ್ಷಣ ಬಾನೆಟ್ ಎತ್ತಿಸಿದರು.

"ಹಂಡೆ ಮುಟ್ಟು."

"ತಣ್ಣಗಿದೆ."

"ತಣ್ಣಗೆ ಅಂದ್ರೆ? ಸರಿಯಾಗಿ ಹೇಳು. ಅಷ್ಟೊಂದು ಪುಸ್ತಕ ಓದ್ತೀಯ."

ಯೋಚಿಸಿದೆ. "ಚಳಿಗಾಲದ ಬೆಳಗ್ಗೆ ಗೇಟಿನ ಚಿಲಕ ಮುಟ್ಟಿದ ಹಾಗೆ."

ನಕ್ಕರು. ಎಷ್ಟೋ ತಿಂಗಳ ಮೇಲೆ ಪೂರಾ ನಗು. "ಅದೇ... ಅದೇ ಬೇಕಿತ್ತು ನನಗೆ." ಪಕ್ಕದಲ್ಲಿ ಎಂಜಿನ್ ಕುದಿಯುತ್ತಿದೆ, ಹಂಡೆಯ ಮೈಮೇಲೆ ಬೆಳ್ಳಗೆ ಹಿಮದ ಪುಡಿ! ಬಿಸಿನೀರು ಅಲ್ಲಿಗೆ ಬರುತ್ತಿಲ್ಲ. ಬೆರಳಲ್ಲೇ ಪೈಪು ಹಿಡಿದು ಹಿಂದಕ್ಕೆ ಹೋದರು, ನಡುಗುವ ಬೆರಳು ದಾರಿ ತಪ್ಪಿದಾಗ ಮತ್ತೆ ಮೊದಲಿಂದ. ಪೈಪು ಕವಲೊಡೆಯುವ ಕಡೆ ಒಂದು ಕ್ಲಾಂಪು, ಪೈಪನ್ನು ಬಿಗಿಹಿಡಿಯುವ ಲೋಹದ ಪಟ್ಟಿ. ಅದರ ಮೇಲೆ ಸೀಮೆಸುಣ್ಣದಲ್ಲಿ ಗುಣಿಸು ಚಿಹ್ನೆ ಬರೆದರು.

"ಇಲ್ಲೇ ಕಟ್ಟಿದೆ. ನಾಳೆ ಬಿಚ್ಚೋಣ. ಯಾರನ್ನೂ ಕರೀಬೇಡ. ಇದೊಂದು ಈ ಕೈಲೇ ಆಗ್ಲಿ."

ಆಗಲಿ ಎಂದೆ.

ಮಾರ್ಚ್ 10

ಇವರ ಕೈ ಇವತ್ತು ಹಟ ಹಿಡಿದಿದೆ. ಅಂಗಿಯ ಗುಂಡಿ ನಾನೇ ಹಾಕಿದೆ. ಅಂಗಳಕ್ಕೆ ಇಳಿಯಲಿಲ್ಲ.

ಓದು: ಅದೇ ದಪ್ಪ ಕಾದಂಬರಿ, ದೂರದ ಯಾವುದೋ ಭಾಷೆಯಿಂದ. ಅನುವಾದಕ ಒಳ್ಳೆಯವನು, ತಾಳ್ಮೆ ಸಾಲದು. ಪಾತ್ರ ಬಾಯಿ ತೆರೆದು ಸುಮ್ಮನಾದಲ್ಲೆಲ್ಲ ಅಡಿಟಿಪ್ಪಣಿ ಹಾಕಿ, ಅದು ಏನು ಹೇಳಲಿದ್ದಿರಬಹುದು ಎಂದು ವಿವರಿಸುತ್ತಾನೆ. ಕಿರಿಕಿರಿ.

ಮಾರ್ಚ್ 12

ಇವತ್ತೂ ಇವರ ಕೈ ಸರಿಯಿಲ್ಲ. ಮಾತ್ರೆ ತರಲು ಒಬ್ಬಳೇ ಹೋದೆ. ಆಸ್ಪತ್ರೆಯ ಗೇಟಿನಲ್ಲಿ, ಏರಿನ ಮಧ್ಯೆ, ನಿಂತುಬಿಟ್ಟಿತು. ಹಿಂದೆ ಆಂಬುಲೆನ್ಸು. ಸ್ವಿಚ್ಚು ಪೆಟ್ರೋಲಿಗೆ ಹಾಕಿದೆ, ನಡುವಿಗೆ ತಂದೆ, ಗ್ಯಾಸು... ಮತ್ತೆ ಪೆಟ್ರೋಲು... ವಾಚ್‌ಮನ್ನೂ ಇನ್ನಿಬ್ಬರೂ ಸೇರಿ ಪಕ್ಕಕ್ಕೆ ತಳ್ಳಿದರು.

"ಅಮ್ಮ, ಬಂದಿದೆ ಹೇಗೂ, ಇದನ್ನೂ ಇಲ್ಲೇ ಅಡ್ಮಿಟ್ ಮಾಡ್ಬಿಡಿ," ಎಂದ ವಾಚ್‌ಮನ್. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ. ಆಂಬುಲೆನ್ಸಿನೊಳಗಿದ್ದವರು ನಗಲಿಲ್ಲ.

ಅಲ್ಲಿಂದಲೇ ಮೂಗಪ್ಪನಿಗೆ ಫೋನ್ ಮಾಡಿದೆ. ಗ್ಯಾಸ್ ಕಿಟ್ ಮೆಕ್ಯಾನಿಕ್. ಸೋರಿಕೆಯನ್ನು ಮೂಗಿನಲ್ಲೇ ಹಿಡಿಯುತ್ತಾನೆಂದು ಆ ಹೆಸರು. ನಾಳೆ ಬರುತ್ತಾನಂತೆ. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿ ಹೇಗೋ ಮನೆ ಸೇರಿದೆ.

ಇವರಿಗೆ ಹೇಳಲಿಲ್ಲ. "ಗಾಡಿ ಹೇಗಿತ್ತು?" ಎಂದು ಕೇಳಿದರು. "ಹಾಗೇ" ಎಂದೆ.

ಮಾರ್ಚ್ 13, ಮಧ್ಯಾಹ್ನ

ಬೆಳಗ್ಗೆ ಇವರನ್ನು ನಾದಿನಿಯ ಮನೆಗೆ ಕಳಿಸಿದೆ — ಮನೆಯ ಧೂಳು ಹೊಡೆಯಬೇಕು ಎಂಬ ನೆಪ. ಇವರು ಗೇಟು ದಾಟಿದ ಮೇಲೆ ಮೂಗಪ್ಪ ಬಂದ. ಬಾನೆಟ್ ಎತ್ತಿ, ಎಲ್ಲ ಕಡೆ ಕಣ್ಣಾಡಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ.

"ಯಾರಮ್ಮ ಇದನ್ನ ನೋಡ್ತಿರೋದು?"

"ನಮ್ಮ ಮನೆಯವರು."

"ಮತ್ತೆ ನನ್ನನ್ನ ಯಾಕೆ ಕರೆದ್ರಿ? ಫಿಲ್ಟರ್ ಆಗಿದೆ, ಎಣ್ಣೆ ಇಳಿಸಿದಾರೆ, ನೀರಿನ ಲೈನಿಗೂ ಬಂದಿದಾರೆ. ಇನ್ನೊಂದು ಕ್ಲಾಂಪು ಅಷ್ಟೇ. ಗುರುತು ಬೇರೆ ಹಾಕಿದಾರಲ್ಲ!"

ಆಗ ಹೇಳಬಹುದಿತ್ತು: ಹಾಗಾದರೆ ಬೇಡ, ಬಿಡಿ, ತಪ್ಪಾಯಿತು, ಹೋಗಿ ಬನ್ನಿ. ಅವನು ಕಾಯುತ್ತಲೂ ಇದ್ದ, ಸ್ಪ್ಯಾನರ್ ಕೈಯಲ್ಲಿ ಹಿಡಿದು.

"ಬೇಗ ಮುಗಿಸಿ," ಎಂದೆ. "ಅವರು ಬರ್ತಾರೆ."

ನನ್ನನ್ನು ಒಂದು ಥರ ನೋಡಿದ. ಬಿಚ್ಚಿದ. ಕವಲಿನ ಬಾಯಿಗೆ ತಂತಿ ಹಾಕಿ ಕೆದಕಿದ — ತುಕ್ಕಿನ ಹಕ್ಕಳೆ, ಮಣ್ಣಿನ ಬಣ್ಣದ್ದು, ಒಂದು ಮುಷ್ಟಿ. ಹಳೆಯ ಕ್ಲಾಂಪು ಎಸೆದು ಹೊಸತು ಹಾಕಿದ. ಸೀಮೆಸುಣ್ಣದ ಗುರುತು ಅವನ ಬಟ್ಟೆಗೆ ಹೋಯಿತು. ಗಾಡಿ ಸ್ಟಾರ್ಟ್ ಮಾಡಿ, ವೇಪರೈಸರ್ ಮುಟ್ಟಿ ನೋಡಿ ಅಮ್ಮ ಎಂದ. ಮುಟ್ಟಿದೆ. ಬಿಸಿ. ಎಂಥ ಬಿಸಿ ಎಂದು ಅವನು ಕೇಳಲಿಲ್ಲ.

ಸಂಜೆ: ಇವರು ಬಂದರು. ಕೈ ಇವತ್ತು ಪರವಾಗಿಲ್ಲವಂತೆ. ಬೆರಳು ಬಿಡಿಸಿ ತೋರಿಸಿದರು. ನಾಳೆ ಬಿಚ್ಚೋಣ ಎಂದರು.

ಮಾರ್ಚ್ 14

ಬರೆಯಬೇಕು. ಬರೆಯದೆ ಬಿಟ್ಟರೆ ನನಗೆ ಅನುಕೂಲವಾದ ಹಾಗೆ ನೆನಪಾಗುತ್ತದೆ.

ಇವರು ಹಳೇ ಅಂಗಿ ಹಾಕಿ, ಸ್ಕ್ರೂಡ್ರೈವರ್ ತೆಗೆದುಕೊಂಡು, ಟಾರ್ಚ್ ಹಿಡಿಯಲು ನನ್ನನ್ನು ಕರೆದರು. ಬಾನೆಟ್ಟಿಗೆ ಕೈ ಹಾಕುವ ಮೊದಲೇ ಹೇಳಿದೆ: "ನಿನ್ನೆ ಒಂದು ಸುತ್ತು ಓಡಿಸಿದೆ. ಎಲ್ಲೂ ನಿಲ್ಲಲಿಲ್ಲ. ತಾನಾಗೇ ಸರಿಹೋಗಿರಬೇಕು."

"ತಾನಾಗೇ ಸರಿಹೋಗೋ ಗಾಡಿ ಇನ್ನೂ ಹುಟ್ಟಿಲ್ಲ," ಎಂದರು, ಖುಷಿಯಲ್ಲೇ. ಬಾನೆಟ್ ಎತ್ತಿದರು. ಟಾರ್ಚು ನನ್ನ ಕೈಯಲ್ಲಿ. ಬೆಳಕು ನೇರ ಹೋಗಿ ಆ ಹೊಸ ಕ್ಲಾಂಪಿನ ಮೇಲೆಯೇ ಬಿತ್ತು. ಸುತ್ತೆಲ್ಲ ಮಸಿ, ನಡುವೆ ಅದೊಂದು ಫಳಫಳ.

"ಇದು..."

"ಮೂಗಪ್ಪ ಬಂದಿದ್ದ," ಎಂದೆ.

ಆ ಮಾತನ್ನೂ ನಾನೇ ಪೂರ್ತಿ ಮಾಡಿದೆ. ನನ್ನ ಮೇಲಿನ ಆರೋಪವನ್ನು ಹೊರಿಸಲಿಕ್ಕೂ ಅವರಿಗೆ ಬಿಡಲಿಲ್ಲ.

ಆಸ್ಪತ್ರೆಯ ಗೇಟು, ಆಂಬುಲೆನ್ಸು, ನಕ್ಕ ಜನ — ಎಲ್ಲ ಹೇಳಿದೆ. ತಲೆಯಾಡಿಸಿದರು. ಬೆರಳಲ್ಲಿ ಕ್ಲಾಂಪು ಸವರಿದರು.

"ಅಡಚಣೆ ಇದ್ದದ್ದು ಅಲ್ಲೇನಾ?"

"ಅಲ್ಲೇ. ನೀವು ಗುರುತು ಮಾಡಿದ ಕಡೆಯೇ."

"ಹ್ಞೂಂ. ಚೆನ್ನಾಗಿ ಮಾಡಿದಾನೆ."

ಅಷ್ಟೇ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿದರು. ಒಂದು ಕೈತಪ್ಪಿ ಬಿತ್ತು. ಎತ್ತಿಕೊಡಲು ಬಗ್ಗಿದೆ, ಬೇಡ ಎಂದರು. ಪೆಟ್ಟಿಗೆ ಮಂಚದಡಿಗೆ ಹೋಯಿತು.

ಕೈಗೆ ಬಂದ ತುತ್ತು. ತಟ್ಟಿಬಿಟ್ಟವಳು ನಾನು.

ಮಾರ್ಚ್ 22

ಕಾರು ಎಲ್ಲೂ ನಿಲ್ಲುವುದಿಲ್ಲ. ಒಂದು ಕೆಮ್ಮೂ ಇಲ್ಲ.

ಇವರು ಈಗ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಕಾಲು ಚಾಚಲು ಜಾಗ ಜಾಸ್ತಿಯಂತೆ. ಕನ್ನಡಿಯಲ್ಲಿ ನೋಡಿದರೆ ಕಿಟಕಿಯಾಚೆ ಮುಖ. ಸಿಗ್ನಲ್ಲಿನಲ್ಲಿ ಎಂಜಿನ್ ಹದವಾಗಿ ಗುರುಗುಡುತ್ತದೆ, ತಲೆ ಓರೆ ಮಾಡುವವರಿಲ್ಲ. ಮನೆಯಲ್ಲಿ ಟೀವಿ ಮುಂದೆ. ಚಾನೆಲ್ ಬದಲಿಸುವುದೂ ಇಲ್ಲ.

ನಾದಿನಿ ಬಂದವಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅತ್ತಿಗೆ, ಇದೇನು ವ್ಯಾಪಾರ? ಗಾಡಿ ಸರಿಹೋಯ್ತು, ಅಣ್ಣ ಕೆಟ್ಟು ನಿಂತಿದಾನೆ!"

ತಮಾಷೆಗೇ ಹೇಳಿದ್ದು. ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಪೂರಾ ತಿರುಗಿಸಿದೆ.

ಪುಸ್ತಕ ಮುಚ್ಚಿಟ್ಟಿದ್ದೇನೆ. ಆ ಅನುವಾದಕನ ಮೇಲೆ ಸಿಟ್ಟಾಗುವ ಯೋಗ್ಯತೆ ನನಗಿಲ್ಲ.

ಮಾರ್ಚ್ 25

ಇದನ್ನು ಬರೆಯಲು ನಾಚಿಕೆ.

ಇವರು ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿ ಗ್ಯಾಸ್ ವಾಲ್ವಿನ ವೈರು ಕಿತ್ತೆ. ಕಿತ್ತ ತುದಿಯನ್ನು ಪಕ್ಕದ ಪೈಪಿನ ಹಿಂದೆ ಅಚ್ಚುಕಟ್ಟಾಗಿ ಸಿಕ್ಕಿಸಿಟ್ಟೆ. ಯೋಚನೆ ಇಷ್ಟೇ: ಗಾಡಿ ಗ್ಯಾಸಿನಲ್ಲಿ ಓಡುವುದಿಲ್ಲ, ಪೆಟ್ಟಿಗೆ ಮಂಚದಡಿಯಿಂದ ಹೊರಬರುತ್ತದೆ, ಫಿಲ್ಟರಿನಿಂದ ಶುರುವಾಗುತ್ತದೆ.

ಇವರು ಬಂದು ಜಗಲಿಯ ಕುರ್ಚಿಯಲ್ಲಿ ಕೂತರು. ನಾನು ಕೀ ತಿರುಗಿಸಿ ಸ್ವಿಚ್ಚು ಗ್ಯಾಸಿಗೆ ಹಾಕಿದೆ. "ಅಯ್ಯೋ, ಮತ್ತೆ ಏನೋ ಆಗಿದೆ ನೋಡಿ" ಎಂದು ಕೂಗಿದೆ. ನನ್ನ ಸ್ವರ ನನಗೇ ಕೇಳಲಾಗಲಿಲ್ಲ.

ಕುರ್ಚಿಯಿಂದ ಏಳಲೂ ಇಲ್ಲ.

"ಟಕ್ ಅನ್ಲಿಲ್ಲ," ಎಂದರು. "ವಾಲ್ವು. ಗ್ಯಾಸಿಗೆ ಹಾಕಿದಾಗ ಟಕ್ ಅನ್ಬೇಕು. ವೈರು ಬಿಟ್ಟಿದೆ."

"ಬನ್ನಿ, ನೋಡಿ..."

"ಬಿಚ್ಚಿದವರಿಗೆ ಸಿಕ್ಕಿಸೋಕೂ ಬರುತ್ತೆ."

ಎದ್ದು ಒಳಗೆ ಹೋಗಿ ಟೀವಿ ಹಾಕಿದ ಸದ್ದು. ವೈರು ಸಿಕ್ಕಿಸಿದೆ. ಟಕ್ ಎಂದಿತು. ಪುಸ್ತಕದ ಪುಟ ಹರಿದು ಮತ್ತೆ ಅಂಟಿಸಿದ ಮಗುವಿನ ಹಾಗೆ ಅಲ್ಲೇ ನಿಂತಿದ್ದೆ.

ಏಪ್ರಿಲ್ 2, ಬೆಳಗ್ಗೆ

ಕಾರಿನಡಿ ಒಂದು ಒದ್ದೆ ಗುರುತು. ನಾಣ್ಯದಷ್ಟು. ಮೊದಲು ಕಂಡದ್ದು ಇವರಿಗೆ, ಕುರ್ಚಿಯಲ್ಲಿ ಕೂತಲ್ಲಿಂದಲೇ. ನನ್ನತ್ತ ಒಮ್ಮೆ ನೋಡಿದರು, ಚೂಪಾಗಿ.

"ಇದು ನಾನಲ್ಲ," ಎಂದೆ. ನಿಜವಾಗಿಯೂ ಅಲ್ಲ.

ಎದ್ದು ಬಂದರು. ಬೆರಳಲ್ಲಿ ಒತ್ತಿ ಮೂಸಿದರು. ರೇಡಿಯೇಟರ್ ನೀರು. ಒಂದು ಹಳೇ ಪೇಪರು ಕೇಳಿ ಅಡಿಗೆ ಹಾಸಿದರು, ಹನಿ ಎಲ್ಲಿ ಬೀಳುತ್ತದೆ ನೋಡಲು. ಕಾದೆವು. ಬಿತ್ತು. ಅದರ ನೇರ ಮೇಲೆ — ಮೂಗಪ್ಪನ ಕ್ಲಾಂಪು. ನನ್ನ ಅವಸರಕ್ಕೆ ಸರಿಯಾಗಿ ಬಿಗಿಯಾಗದೆ ಉಳಿದದ್ದು.

ಇವರು ಬೆರಳು ಅಂಗಿಗೆ ಒರೆಸಿಕೊಂಡರು. ಒಳಗೆ ಹೋದರು. ಮಂಚದಡಿಯಿಂದ ಪೆಟ್ಟಿಗೆ ಎಳೆದ ಸದ್ದು ಕೇಳಿತು. ಹೋಗಿ ಎತ್ತಿಕೊಡಬೇಕೆಂದು ಕಾಲು ಎದ್ದಿತು. ಕೂರಿಸಿದೆ.

ಈಗ ಚಾಪೆ ಹಾಸಿದೆ. ಕಾಲೆರಡೂ ಕಾರಿನಾಚೆ. ನಾನು ಮೆಟ್ಟಿಲ ಮೇಲೆ, ತೊಡೆಯ ಮೇಲೆ ಈ ಡೈರಿ. ಕರೆದರೆ ಹಿಡಿಯಲು ಟಾರ್ಚು ಪಕ್ಕದಲ್ಲಿದೆ. ಸ್ಕ್ರೂಡ್ರೈವರ್ ಜಾರುತ್ತಿದೆ. ಮತ್ತೆ ಕೂರುತ್ತಿದೆ. ಮತ್ತೆ ಜಾರಿತು. ಲೋಹದ ಮೇಲೆ ಲೋಹ ನಡುಗುವ ಸದ್ದು, ಹಲ್ಲು ಕಟಕಟಿಸಿದ ಹಾಗೆ. ಮೂಗಪ್ಪನಿಗೆ ಅರೆ ನಿಮಿಷದ ಕೆಲಸ. ಬಿಸಿಲು ಗೇಟಿನಿಂದ ಮುಂದಿನ ಚಕ್ರಕ್ಕೆ ಬಂದಿದೆ.

ಈಗ ಅಡಿಯಿಂದ ಇವರ ದನಿ.

"ನೀನು ಅವತ್ತು..."

ನಿಂತಿತು. ಮುಂದಿನ ಮಾತಿಗೆ ತಡಕುತ್ತಿದ್ದಾರೆ. ಬೈಗುಳವಿರಬಹುದು, ಪ್ರಶ್ನೆಯಿರಬಹುದು. ಅಲ್ಲಿ ಹೊಂದುವಂಥ ಐದಾರು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇವೆ. ಹೇಳುವುದಿಲ್ಲ. ಪೆನ್ನು ಹಿಡಿದಿರುವುದೇ ಬಾಯಿ ಕಟ್ಟಿಕೊಳ್ಳಲು.

ಕಾಲ್ಬೆರಳು ಅಲುಗುತ್ತಿದೆ. ಸ್ಕ್ರೂಡ್ರೈವರ್ ಕೆಳಗಿಟ್ಟರು.

"ನೀನು ಅವತ್ತು, ಆ ಆಸ್ಪತ್ರೆ ಗೇಟಲ್ಲಿ, ಒಬ್ಬಳೇ..."